ಮೆರುತಲ್ ಕೋಟೆಯ ಅರ್ಥ

ಭಾನುವಾರ, ಮಾರ್ಚ್ ೯

ನನ್ನ ಮುದ್ದಿನ ಅಮ್ಮಾ,

ದಿನಕ್ಕೊಂದು ಪುಟ ಗಟ್ಟಿಯಾಗಿ ಓದಬೇಕೆಂದು ಡಾಕ್ಟರು ಹೇಳಿದ್ದಾರಲ್ಲ, ಇವತ್ತಿನ ಪುಟ ಇದೇ ಆಗಲಿ ಅಂತ ದೊಡ್ಡ ಅಕ್ಷರದಲ್ಲಿ ಬರೆಯುತ್ತಿದ್ದೇನೆ. ನನ್ನ ಪುಸ್ತಕ ನಿನ್ನೆ ಪ್ರೆಸ್ಸಿನಿಂದ ಬಂತು. ಮುಖಪುಟದ ಕೋಟೆ ನೀರಿನ ಟ್ಯಾಂಕಿನ ಹಾಗಿದೆ, ಇರಲಿ.

ನಿನಗೆ ಪೂರ್ತಿ ಕಥೆ ಹೇಳಿರಲಿಲ್ಲ. ಕಲ್ಪನೆಯ ನಾಡೊಂದರ ಈ ಕಾದಂಬರಿಯ ಹಸ್ತಪ್ರತಿ ನೋಡಿ ಸಂಪಾದಕರು ಕೇಳಿದ್ದು ಒಂದೇ: "ಕೋಟೆಗಳ ಹೆಸರು ಚೆನ್ನಾಗಿವೆ. ಆದ್ರೆ ಆ ಜನರ ಭಾಷೇಲಿ ಇವಕ್ಕೆ ಅರ್ಥ ಏನಮ್ಮಾ?" ನಾನೋ, ಬಾಯಿಗೆ ಬಂದದ್ದನ್ನೇ ಇಟ್ಟಿದ್ದೆ. ಆ ವಾರವೇ ನಿನಗೆ ಪಾರ್ಶ್ವವಾಯು ಹೊಡೆಯಿತು. ಇಡೀ ಸ್ಟೇಷನ್ನಿಗೆ ಕೇಳುವಂತೆ ಮೈಕಿನಲ್ಲಿ ರೈಲುಗಳ ಹೆಸರು ಹೇಳುತ್ತಿದ್ದ ನಿನಗೆ ಒಂದು ಲೋಟ ನೀರು ಕೇಳಲು ಮಾತು ಸಿಗದೆ ಹೋಯಿತು.

ಆಸ್ಪತ್ರೆಯಿಂದ ಮನೆಗೆ ಬಂದ ಮೇಲೆ ನೀನು ನೀರನ್ನು 'ಮೆರು' ಎಂದೆ. ಮರುದಿನವೂ ನೀರು ಮೆರುವೇ. ಅಮ್ಮ ಬಡಬಡಿಸುತ್ತಿಲ್ಲ, ಮಾತಾಡುತ್ತಿದ್ದಾಳೆ ಅಂತ ಗೊತ್ತಾಗಿ ನನಗೆ ಹೋದ ಜೀವ ಬಂದಂತಾಯಿತು. ಬಾಗಿಲು ತೋರಿಸಿ ನೀನು 'ತಲ್, ತಲ್' ಅಂದಾಗಲೆಲ್ಲ ನಾನು ಓಡಿಹೋಗಿ ಅದನ್ನು ಹಾರುಹೊಡೆಯುತ್ತಿದ್ದೆ. ನೀನು ಕಣ್ಣು ಕೆಕ್ಕರಿಸುತ್ತಿದ್ದೆ. ನಿನ್ನ ಆ ಮಾತುಗಳಿಂದಲೇ ಕೋಟೆಗಳಿಗೆ ಹೊಸ ಹೆಸರು ಕಟ್ಟಿದೆ. ಹೊಳೆಯ ತಿರುವಿನ ಕೋಟೆ ಮೆರುತಲ್ ಆಯಿತು, ಅಂದರೆ ನೀರಿನ ಬಾಗಿಲು. ಸಂಪಾದಕರು ತಲೆದೂಗಿದರು.

ಹೋದ ತಿಂಗಳು ಕರಡಚ್ಚು ತೋರಿಸಿದಾಗ ನೀನು ಬೆರಳಿಟ್ಟು ಓದುತ್ತಾ ಆ ಹೆಸರಿನ ಹತ್ತಿರ ನಿಂತುಬಿಟ್ಟೆ. ನಕ್ಕು ನಕ್ಕು ಕೆಮ್ಮಿದೆ. ಆಮೇಲೆ ಒಂದೊಂದೇ ಪದ ಹುಡುಕಿ ಹೇಳಿದೆ: "ತಲ್ ಅಂದ್ರೆ ಬಾಗಿಲಲ್ಲ ಕಣೇ. ಮುಚ್ಚು... ಮುಚ್ಚು ಅಂತ. ಚಳಿ ಆಗ್ತಿತ್ತು!"

ಕಾಯಿಲೆ ಬಿದ್ದ ಮೇಲೆ ಅಷ್ಟುದ್ದದ ಮಾತು ನಿನ್ನ ಬಾಯಲ್ಲಿ ಅದೇ ಮೊದಲು. ನಾನು ನಕ್ಕೆನೋ ಅತ್ತೆನೋ ನನಗೇ ಗೊತ್ತಿಲ್ಲ.

ಅಚ್ಚಿಗೆ ಹೋಗುವ ಮುಂಚೆಯೇ ಅರ್ಥ ತಿದ್ದಿದ್ದೇನೆ. ಮೆರುತಲ್ ಈಗ ನೀರನ್ನು ಮುಚ್ಚಿದ ಕೋಟೆ. ಶತ್ರುಗಳು ಮುತ್ತಿದಾಗ ಅಲ್ಲಿನ ರಾಣಿ ಹೊಳೆಗೇ ಅಡ್ಡಕಟ್ಟೆ ಹಾಕಿಸುತ್ತಾಳೆ. ಪುಸ್ತಕದ ಅತ್ಯುತ್ತಮ ಅಧ್ಯಾಯ ಅದೇ ಅಂತಾರೆ ಸಂಪಾದಕರು. ನನಗದು ಹೊಳೆದದ್ದು ನೀನು ತಿದ್ದಿದ ಮೇಲೆ. ಮಾತೇ ಕೈಕೊಟ್ಟ ದಿನಗಳಲ್ಲೂ ನೀನು ಸುಮ್ಮನಾಗಲಿಲ್ಲವಲ್ಲ ಅಮ್ಮಾ, ಆ ಉಪಕಾರವನ್ನು ನಾನು ಹೇಗೆ ಮರೆಯಲಿ?

ಇತಿ, ನಿನ್ನ
ಹೂಶಿ

ತಾ.ಕ.: ನನ್ನ ಹೆಸರು ನಿನಗೆ ನೆನಪಾಗದ ಆ ತಿಂಗಳುಗಳಲ್ಲಿ ನೀನು ನನ್ನನ್ನು ಹೂಶಿ ಅಂತಲೇ ಕರೆಯುತ್ತಿದ್ದೆ. ಕೊನೆಯ ಕೋಟೆಗೊಂದು ಹೆಸರು ಬೇಕೆಂದು ಸಂಪಾದಕರು ಕಾಡಿದರೂ ಇದೊಂದನ್ನು ಮಾತ್ರ ಕೊಡಲಿಲ್ಲ. ಈಗ ನನ್ನ ನಿಜವಾದ ಹೆಸರು ನಿನ್ನ ನಾಲಗೆಗೆ ಮರಳಿದೆ, ಸಂತೋಷ. ಆದರೂ ಯಾವಾಗಲಾದರೂ ಒಮ್ಮೆ, ಹತ್ತಿರ ಯಾರೂ ಇಲ್ಲದಾಗ, ಹಾಗೇ ಕರಿ.