ಪೂರ್ವಾನುಮತಿ ಇಲ್ಲದೆ ಹುಟ್ಟಿದ ಮಗು

ಮಾನ್ಯ ಪರೀಕ್ಷಾ ನಿಯಂತ್ರಕರೇ,

ನನ್ನ ಎರಡನೇ ಮಗು ತಮ್ಮ ಪೂರ್ವಾನುಮತಿ ಇಲ್ಲದೆ ಹುಟ್ಟಿದೆ. ಈ ಅಪರಾಧಕ್ಕಾಗಿ ತಾವು ಕಳಿಸಿದ ಕಾರಣ ಕೇಳುವ ನೋಟಿಸು ನನಗೆ ತಲುಪಿದೆ. ಖುದ್ದು ನಾನೇ ಸಹಿ ಮಾಡಿ ತೆಗೆದುಕೊಳ್ಳಬೇಕೆಂದು ತಮ್ಮ ಜವಾನರು ಬಾಗಿಲಲ್ಲಿ ಹಠ ಹಿಡಿದು ನಿಂತಿದ್ದರಿಂದ, ಹಾಲು ಕುಡಿಯುತ್ತಿದ್ದ ಮಗುವನ್ನು ಒಂದು ತೋಳಿನಲ್ಲಿ ಹಿಡಿದು ಇನ್ನೊಂದು ಕೈಯಲ್ಲಿ ಸಹಿ ಹಾಕಿದೆ. ಸಹಿ ಸೊಟ್ಟಗಿದ್ದರೆ ಅದಕ್ಕೆ ಬೇರೆ ನೋಟಿಸು ಬೇಡ. ನನ್ನ ಉತ್ತರವನ್ನು ತಮ್ಮ ಕಚೇರಿಗೆ ಎರಡು ಸಲ ಕಳಿಸಿದೆ. ಎರಡು ಸಲವೂ "ನಿಗದಿತ ನಮೂನೆಯಲ್ಲಿ ಇರುವುದಿಲ್ಲ" ಎಂಬ ಷರಾ ಹೊತ್ತು ಹಿಂದೆ ಬಂತು. ಹೆರಿಗೆಗೆ ತಮ್ಮಲ್ಲಿರುವ ನಿಗದಿತ ನಮೂನೆ ಯಾವುದೆಂದು ಯಾರೂ ಹೇಳಲಿಲ್ಲವಾಗಿ, ಊರೆಲ್ಲ ಓದುವ ಹಾಗೆ ಪತ್ರಿಕೆಯಲ್ಲೇ ಬರೆಯುತ್ತಿದ್ದೇನೆ.

ನೋಟಿಸಿನ ಪ್ರಕಾರ ನಾನು ಗಣಿತ ಪರೀಕ್ಷೆ ನಡೆಯುತ್ತಿರುವಾಗ ಕೊಠಡಿಯನ್ನು "ತೊರೆದಿರುತ್ತೇನೆ". ತನಿಖಾ ದಳದ ವಿಶ್ರಾಂತಿ ಕೊಠಡಿಯನ್ನು "ಅನ್ಯ ಉದ್ದೇಶಕ್ಕೆ ಬಳಸಿರುತ್ತೇನೆ". ಕೇಂದ್ರದ ಶಾಂತಿಗೆ "ಭಂಗ ತಂದಿರುತ್ತೇನೆ". ನಾನು ಶಾಲೆಯಲ್ಲಿ ಭಾಷೆ ಕಲಿಸುವವಳು. "ಅನ್ಯ ಉದ್ದೇಶ" ಎಂಬ ಎರಡೇ ಪದಗಳೊಳಗೆ ಒಂದು ಇಡೀ ಹೆರಿಗೆಯನ್ನು ಮಡಚಿಟ್ಟ ತಮ್ಮ ಗುಮಾಸ್ತರಿಗೆ ಪೂರ್ಣ ಅಂಕ ಕೊಡದೆ ಇರಲಾರೆ. ಇಷ್ಟು ಸಂಕ್ಷಿಪ್ತವಾಗಿ ಬರೆಯಲು ನನ್ನ ಹತ್ತನೇ ತರಗತಿಯ ಯಾವ ವಿದ್ಯಾರ್ಥಿಗೂ ಇನ್ನೂ ಬಂದಿಲ್ಲ.

ಆದರೆ ನಡೆದದ್ದು ಅಷ್ಟು ಸಂಕ್ಷಿಪ್ತವಾಗಿರಲಿಲ್ಲ. ದಯವಿಟ್ಟು ಕೇಳಿಸಿಕೊಳ್ಳಿ.

ಪರೀಕ್ಷೆಗೆ ಮುಂಚೆಯೇ, ತುಂಬಿದ ಹೊಟ್ಟೆ ಹೊತ್ತು, ಮೇಲ್ವಿಚಾರಣೆಯಿಂದ ವಿನಾಯಿತಿ ಕೇಳಲು ನಾನು ತಮ್ಮ ಕಚೇರಿಗೆ ಬಂದಿದ್ದೆ. ಗುಮಾಸ್ತರು ನನ್ನ ಹೊಟ್ಟೆಯ ಕಡೆ ಕಣ್ಣೆತ್ತಿಯೂ ನೋಡಲಿಲ್ಲ. ವೈದ್ಯರ ಚೀಟಿಯನ್ನು ಮಾತ್ರ ಎರಡೂ ಮಗ್ಗುಲು ತಿರುಗಿಸಿ ನೋಡಿದರು.

"ಮೇಡಂ, ಡಾಕ್ಟ್ರು ಕೊಟ್ಟಿರೋ ಡೇಟು ಪರೀಕ್ಷೆ ಮುಗಿದ ಮೇಲಿದೆಯಲ್ಲ. ಇನ್ನೇನು ತೊಂದ್ರೆ?"

"ಅದು ಅಂದಾಜು ಡೇಟು ಸರ್. ಮುಂಚೇನೂ ಆಗಬಹುದು."

"ಅಂದಾಜಿನ ಮೇಲೆ ವಿನಾಯಿತಿ ಕೊಡೋಕೆ ಬರಲ್ಲ ಮೇಡಂ. ಖಚಿತವಾದ ಡೇಟು ಬರೆಸ್ಕೊಂಡು ಬನ್ನಿ."

ಖಚಿತವಾದ ದಿನಾಂಕವನ್ನು ಯಾರಿಂದ ಬರೆಸಿಕೊಂಡು ಬರಬೇಕಿತ್ತು? ವೈದ್ಯರಿಂದಲೋ, ಒಳಗಿದ್ದವನಿಂದಲೋ? ಕೇಳಬೇಕೆಂದುಕೊಂಡೆ. ನನ್ನ ಹಿಂದೆ ಸಾಲು ಉದ್ದವಿತ್ತು. ಸುಮ್ಮನೆ ಮನೆಗೆ ಬಂದೆ.

ಗಣಿತ ಪರೀಕ್ಷೆಯ ಬೆಳಿಗ್ಗೆ ಎದ್ದಾಗಲೇ ಸೊಂಟ ಹಿಡಿದುಕೊಂಡಿತ್ತು. ನಮ್ಮ ಅತ್ತೆ ದೊಡ್ಡ ಮಗಳಿಗೆ ತಲೆ ಬಾಚುತ್ತಾ ನನ್ನನ್ನೇ ನೋಡುತ್ತಿದ್ದರು.

"ಯಾಕಮ್ಮ, ಮುಖ ಒಂಥರಾ ಇದೆ. ಇವತ್ತು ಹೋಗ್ಲೇಬೇಕಾ?"

"ಸೊಂಟ ನೋವು ಅಷ್ಟೆ ಅತ್ತೆ. ಹೋಗಿಲ್ಲ ಅಂದ್ರೆ ನೋಟಿಸ್ ಬರುತ್ತೆ."

ಹೋದೆ. ನೋಟಿಸೂ ಬಂತು. ನನ್ನ ಧೈರ್ಯಕ್ಕೆ ಕಾರಣವಿತ್ತು: ಮೊದಲ ಮಗಳು ಹುಟ್ಟುವಾಗ ಒಂದು ಹಗಲು, ಒಂದು ರಾತ್ರಿ ಇಡೀ ಕುಟುಂಬವನ್ನು ಆಸ್ಪತ್ರೆಯ ಬೆಂಚಿನ ಮೇಲೆ ಕಾಯಿಸಿದ್ದಳು. ಇದೂ ಅಷ್ಟೇ ಸಾವಕಾಶವಾಗಿ ಬರುತ್ತದೆ, ಪರೀಕ್ಷೆ ಮುಗಿಸಿ, ಊಟ ಮಾಡಿ, ಚೀಲ ತುಂಬಿಕೊಂಡು ಹೋದರೂ ಆದೀತು ಎಂದು ನನ್ನ ಲೆಕ್ಕ. ಎರಡನೆಯವು ಮೊದಲನೆಯವನ್ನು ನೋಡಿ ಕಲಿಯುವುದಿಲ್ಲ ಎಂದು ಯಾರೂ ನನಗೆ ಹೇಳಿರಲಿಲ್ಲ.

ನನಗೆ ಕೊಟ್ಟಿದ್ದು ಮೇಲಿನ ಮಹಡಿಯ ಮೂಲೆ ಕೊಠಡಿ. ತಮ್ಮ ನಿಯಮದಂತೆ ಮೇಲ್ವಿಚಾರಕರು ಕೂರುವಂತಿಲ್ಲ. ಕುರ್ಚಿಯನ್ನು ಮೊದಲೇ ಹೊರಗೆ ಸಾಗಿಸಿದ್ದರು. ಫೋನು ಇಟ್ಟುಕೊಳ್ಳುವಂತಿಲ್ಲ, ಅದು ಕೆಳಗೆ ಮುಖ್ಯ ಅಧೀಕ್ಷಕರ ಬೀರುವಿನಲ್ಲಿತ್ತು. ಪ್ರಶ್ನೆಪತ್ರಿಕೆ ಹಂಚಿ ಮುಗಿಸುವಷ್ಟರಲ್ಲಿ ಸೊಂಟದ ನೋವು ಮುಂದಕ್ಕೆ ಬಂತು. ಬಂದು ಹಿಂಡಿತು, ಬಿಟ್ಟಿತು. ಮತ್ತೆ ಹಿಂಡಿತು. ಹಿಂಡಿದಾಗಲೆಲ್ಲ ಕೈಗೆ ಸಿಕ್ಕ ಡೆಸ್ಕನ್ನು ಹಿಡಿದು, ಹಲ್ಲು ಕಚ್ಚಿ, ಎದುರಿಗಿದ್ದವರನ್ನೇ ದುರುಗುಟ್ಟಿ ನೋಡುತ್ತಾ ನಿಲ್ಲುತ್ತಿದ್ದೆ. ಹಾಗೆ ನಿಂತ ಒಂದು ಡೆಸ್ಕಿನ ಹುಡುಗಿ ನನ್ನ ಮುಖ ನೋಡಿ ಬಿಳಿಚಿಕೊಂಡು, ಜಾಮಿಟ್ರಿ ಬಾಕ್ಸಿನ ತಳದಿಂದ ಮಡಚಿದ ಚೀಟಿ ತೆಗೆದು ನನ್ನ ಕೈಗಿಟ್ಟಳು.

"ಸಾರಿ ಮಿಸ್. ಇದೊಂದೇ ಇರೋದು. ದೇವರಾಣೆ."

ಸ್ವಾಮೀ, ತಮ್ಮ ತನಿಖಾ ದಳದವರು ಆ ದಿನ ಇಡೀ ಕೇಂದ್ರ ಸುತ್ತಿದರೂ ಒಂದು ಚೀಟಿ ಹಿಡಿಯಲಿಲ್ಲ. ನಾನು ಬರೀ ಹೆರಿಗೆ ನೋವಿನಿಂದ ಒಂದನ್ನು ಹಿಡಿದೆ. ಇದನ್ನು ನನ್ನ ಸೇವಾ ಪುಸ್ತಕದಲ್ಲಿ ನಮೂದಿಸುವ ಬಗ್ಗೆ ತಾವು ಯೋಚಿಸಬಹುದು.

ಬಾಗಿಲಿಗೆ ಹೋಗಿ, ಕಾರಿಡಾರಿನಲ್ಲಿದ್ದ ಜವಾನರಿಗೆ ಸನ್ನೆ ಮಾಡಿದೆ. ಅವರು ಓಡಿಹೋಗಿ ಮುಖ್ಯ ಅಧೀಕ್ಷಕರನ್ನು ಕರೆತಂದರು. ಅಧೀಕ್ಷಕರು ಕೆಟ್ಟವರಲ್ಲ, ಆದರೆ ಪರೀಕ್ಷೆಯ ದಿನಗಳಲ್ಲಿ ಅವರಿಗೆ ತಾವೊಬ್ಬರೇ ಕಾಣುತ್ತೀರಿ, ಉಳಿದ ಲೋಕ ಕಾಣುವುದಿಲ್ಲ.

"ಸರ್, ನನಗೆ ನೋವು ಶುರುವಾಗಿದೆ. ಬದಲಿ ಯಾರನ್ನಾದ್ರೂ ಕಳಿಸಿ, ನಾನು ಹೋಗಬೇಕು."

"ಅಯ್ಯೋ, ಈಗಲಾ? ಸ್ಕ್ವಾಡ್ ಬಂದಿದೆ ಮೇಡಂ." ಅವರ ದನಿ ಕಿವಿಯ ಹತ್ತಿರಕ್ಕೆ ಬಂತು. "ಸ್ವಲ್ಪ ತಡ್ಕೊಳ್ಳೋಕೆ ಆಗಲ್ವಾ?"

"ಇದು ನನ್ನ ಕೈಲಿಲ್ಲ ಸರ್."

"ಮೊದಲನೇದಕ್ಕೆ ಎಷ್ಟು ಹೊತ್ತಾಗಿತ್ತು?"

"ಒಂದು ಹಗಲು, ಒಂದು ರಾತ್ರಿ."

ಅವರ ಮುಖ ಅರಳಿತು. "ಮತ್ತೆ! ಬೇಕಾದಷ್ಟು ಟೈಮಿದೆ. ಒಂದು ಕೆಲಸ ಮಾಡಿ, ಬದಲಿ ಬೇಕು ಅಂತ ಒಂದು ಅರ್ಜಿ ಬರ್ಕೊಡಿ. ಕಾರಣ ಸ್ಪಷ್ಟವಾಗಿ ಬರೀರಿ. ಬಾಯಿಮಾತಲ್ಲಿ ಬದಲಿ ಕೊಟ್ರೆ ನನ್ನ ಕುತ್ತಿಗೆಗೆ ಬರುತ್ತೆ."

ಬರೆದೆ, ಸ್ವಾಮೀ. ಗೋಡೆಗೆ ಹಾಳೆ ಒತ್ತಿ ಹಿಡಿದು, ಒಂದು ನೋವಿಗೂ ಇನ್ನೊಂದಕ್ಕೂ ನಡುವೆ ಬರೆದೆ. "ಮಾನ್ಯರಲ್ಲಿ ವಿನಂತಿಸಿಕೊಳ್ಳುವುದೇನೆಂದರೆ" ಎನ್ನುವವರೆಗೆ ಅಕ್ಷರ ದುಂಡಗಿದೆ. ಆಮೇಲಿನದನ್ನು ತಮ್ಮ ಕಡತದಲ್ಲಿ ತಾವೇ ನೋಡಿಕೊಳ್ಳಬಹುದು. ಅಧೀಕ್ಷಕರು ಅರ್ಜಿ ಹಿಡಿದು ಕೆಳಗೆ ಹೋದರು. ಬದಲಿ ಬರಲಿಲ್ಲ. ಬದಲಿಗೆಂದು ನೇಮಿಸಿದ್ದ ಶಿಕ್ಷಕರನ್ನು ತನಿಖಾ ದಳಕ್ಕೆ ಚಹಾ ತರಲು ಕಳಿಸಲಾಗಿತ್ತು ಎಂದು ಆಮೇಲೆ ತಿಳಿಯಿತು. ಪಕ್ಕದ ಕೊಠಡಿಯಲ್ಲಿದ್ದವಳು ನಮ್ಮ ವ್ಯಾಯಾಮ ಶಿಕ್ಷಕಿ, ನನ್ನ ಗೆಳತಿ. ಆಕೆ ತನ್ನ ಕೊಠಡಿ ಬಿಡುವಂತಿಲ್ಲವಲ್ಲ, ಒಂದು ಕಾಲು ಒಳಗೆ, ಒಂದು ಕಾಲು ಕಾರಿಡಾರಿನಲ್ಲಿಟ್ಟು, "ಉಸಿರು ಎಳ್ಕೊಳೇ! ಬಿಡೇ! ಎಳ್ಕೊಳೇ!" ಎಂದು ಓಟದ ಸ್ಪರ್ಧೆಗೆ ಕೂಗುವ ಹಾಗೆ ಕೂಗುತ್ತಿದ್ದಳು. ಎರಡೂ ಕೊಠಡಿಯ ಮಕ್ಕಳು ಅವಳ ಲಯಕ್ಕೆ ಉಸಿರಾಡುತ್ತಾ ಲೆಕ್ಕ ಮಾಡುತ್ತಿದ್ದರು.

ಆಗಲೇ ನೀರು ಒಡೆದದ್ದು. ಕಾಲಿನ ಮೇಲೆ ಬಿಸಿಯಾಗಿ ಇಳಿದು ಮೊದಲ ಸಾಲಿನವರ ಚಪ್ಪಲಿಯತನಕ ಹರಿಯಿತು. ಅಷ್ಟು ಜನರ ಮುಂದೆ ನಾನು ಹಾಗೆ ನಿಂತೆ. ಇಲ್ಲಿ ವ್ಯಂಗ್ಯ ಮಾಡಲು ನನಗೆ ಬಾಯಿ ಬರುವುದಿಲ್ಲ. ನನಗೆ ನಾಚಿಕೆಯಾಯಿತು, ಅದಕ್ಕಿಂತ ಹೆಚ್ಚಾಗಿ ಭಯವಾಯಿತು. ಇವತ್ತು ಇದು ನಿಧಾನವಾಗಿ ಬರುವುದಿಲ್ಲ ಎಂದು ಮೈಗೆ ಗೊತ್ತಾಗಿಬಿಟ್ಟಿತ್ತು.

ಕೊನೆಯ ಬೆಂಚಿನಲ್ಲಿ ಖಾಸಗಿ ಅಭ್ಯರ್ಥಿಯೊಬ್ಬರಿದ್ದರು. ನನಗಿಂತ ವಯಸ್ಸಿನಲ್ಲಿ ದೊಡ್ಡವರು. ಹೋಟೆಲುಗಳ ಹಾಸಿಗೆ ಬಟ್ಟೆ ಒಗೆಯುವ ಒಂದು ಲಾಂಡ್ರಿಯಲ್ಲಿ ಕೆಲಸ. ಉಳಿದೆಲ್ಲ ವಿಷಯ ಪಾಸು ಮಾಡಿಕೊಂಡು ಗಣಿತ ಒಂದಕ್ಕಾಗಿ ಮತ್ತೆ ಮತ್ತೆ ಕಟ್ಟುತ್ತಿದ್ದವರು. ಇದೆಲ್ಲ ನನಗೆ ಆಮೇಲೆ ಗೊತ್ತಾದದ್ದು. ಆಗ ಕಂಡದ್ದು ಇಷ್ಟೇ: ಆಕೆ ಪೆನ್ನಿಗೆ ಮುಚ್ಚಳ ಹಾಕಿದರು, ಎದ್ದರು, ನೇರ ನನ್ನ ಕಡೆ ನಡೆದು ಬಂದರು.

"ಕೂತ್ಕೊಳ್ಳಿ, ನೀವು ಮಾತಾಡೋ ಹಾಗಿಲ್ಲ," ಎಂದೆ ನಾನು. ಆ ಸ್ಥಿತಿಯಲ್ಲೂ ಎಂದೆ. ತಾವು ನೀಡಿದ ತರಬೇತಿ ಅಷ್ಟು ಗಟ್ಟಿ.

"ಆಯ್ತು ಮಿಸ್, ಮಾತಾಡಲ್ಲ. ನನ್ನ ಹೆಗಲು ಹಿಡ್ಕೊಳ್ಳಿ."

ಮೆಟ್ಟಿಲು ಇಳಿಯುವುದು ಸಾಧ್ಯವಿರಲಿಲ್ಲ. ಕಾರಿಡಾರಿನ ತುದಿಯಲ್ಲಿ ಸಂಗೀತದ ಕೊಠಡಿಯನ್ನು ತೆರವು ಮಾಡಿ ತನಿಖಾ ದಳದ ವಿಶ್ರಾಂತಿಗೆ ಬಿಟ್ಟಿದ್ದರು. ಅಲ್ಲಿ ಸೋಫಾ ಇತ್ತು. ಶಾಲೆಯಲ್ಲಿ ಇರುವುದೇ ಆ ಒಂದು ಸೋಫಾ. ದಳದ ಮುಖ್ಯಸ್ಥರು ಅದರ ಮೇಲೆ ಬೂಟು ಬಿಚ್ಚಿ ಕೂತು ಬಿಸ್ಕತ್ತು ಅದ್ದುತ್ತಿದ್ದರು.

"ಏ, ಏ! ಇಲ್ಲಿಗೆ ಬರೋ ಹಾಗಿಲ್ಲ! ಅಭ್ಯರ್ಥಿ ಯಾಕೆ ಹೊರಗೆ ಬಂದ್ರಿ?"

"ಹಾಗಾದ್ರೆ ನೀವು ಹೊರಗೆ ಹೋಗಿ," ಎಂದರು ಆಕೆ, ಬಹಳ ಶಾಂತವಾಗಿ. "ಕಪ್ಪು ತಗೊಂಡೇ ಹೋಗಿ, ಪರವಾಗಿಲ್ಲ."

ಅವರು ಹೋದರು. ಹೋಗುವಾಗ ಆಕೆಯ ಪ್ರವೇಶ ಪತ್ರದ ಸಂಖ್ಯೆ ಬರೆದುಕೊಂಡು ಹೋದರು. ಕರ್ತವ್ಯಪ್ರಜ್ಞೆ ಎಂದರೆ ಅದು.

ಮುಂದಿನದನ್ನು ನಾನು ಪೂರ್ತಿ ಹೇಳಲಾರೆ. ಅರ್ಧ ನನಗೆ ನೆನಪಿಲ್ಲ. ಜವಾನರು ಆಂಬುಲೆನ್ಸಿಗೂ ನನ್ನ ಮನೆಯವರಿಗೂ ಫೋನು ಮಾಡಿಸಿದರು. ಆಂಬುಲೆನ್ಸು ಬಂದು ಗೇಟಿನ ಹೊರಗೇ ನಿಂತಿತು, ಏಕೆಂದರೆ ಪರೀಕ್ಷೆ ಮುಗಿಯುವವರೆಗೆ ಗೇಟು ತೆಗೆಯಬಾರದೆಂಬುದು ತಮ್ಮ ಆದೇಶ. ಅದರ ಹಿಂದೆ ಸ್ಕೂಟರಿನಲ್ಲಿ ಬಂದ ನನ್ನ ಗಂಡನೂ ಅಲ್ಲೇ ನಿಂತು ಕಾವಲುಗಾರನ ಜೊತೆ ಕೂಗಾಡುತ್ತಿದ್ದುದು ನನಗೆ ಕಿಟಕಿಯಿಂದ ಕೇಳಿಸುತ್ತಿತ್ತು. ಸೋಫಾದ ಮೇಲೆ ನಾನು ಆ ಹೆಂಗಸಿನ ಕೈಯನ್ನು ಮುರಿಯುವ ಹಾಗೆ ಹಿಡಿದಿದ್ದೆ. "ಬರ್ತಾ ಇದೆ, ತಲೆ ಕಾಣ್ತಾ ಇದೆ, ಇನ್ನೊಂದೇ ಸಲ," ಎಂದು ಆಕೆ ಹೇಳುತ್ತಲೇ ಇದ್ದರು. ಆ "ಇನ್ನೊಂದೇ ಸಲ" ಎಷ್ಟು ಸಲ ಬಂತೋ ದೇವರೇ ಬಲ್ಲ. ಕೊನೆಗೆ ಮಗ ಬಂದ. ಬಂದವನು ಮೊದಲು ಅಳಲಿಲ್ಲ. ಆಕೆ ಅವನನ್ನು ತಮ್ಮ ಸೆರಗಿನಲ್ಲಿ ತೆಗೆದುಕೊಂಡು ಬೆನ್ನು ಉಜ್ಜಿದರು, ಉಜ್ಜುತ್ತಲೇ ಇದ್ದರು. ನಾನು ಸೂರು ನೋಡುತ್ತಾ ಮಲಗಿದ್ದೆ. ಆ ಹೊತ್ತು ನನ್ನ ಶತ್ರುವಿಗೂ ಬೇಡ, ತಮಗೂ ಬೇಡ.

ಆಮೇಲೆ ಅತ್ತ. ಹೌದು, ಕೇಂದ್ರದ ಶಾಂತಿಗೆ ಭಂಗ ಬಂದದ್ದು ಆಗಲೇ. ಮೇಲಿನ ಮಹಡಿಯ ಅಷ್ಟೂ ಕೊಠಡಿಗಳಲ್ಲಿ ಮಕ್ಕಳು ಡೆಸ್ಕು ಕುಟ್ಟಿ "ಹೋ" ಎಂದರು. ಅವರ ಮೇಲೂ ಕ್ರಮವಾಗುವುದಾದರೆ ಡೆಸ್ಕುಗಳನ್ನು ಸಾಕ್ಷಿಗೆ ಕರೆಸಿ.

ಅಷ್ಟು ಹೊತ್ತಿಗೆ, ಮಗುವಿನ ಅಳು ಕೇಳಿ, ಕಾವಲುಗಾರನೇ ಆದೇಶ ಮೀರಿ ಗೇಟು ತೆಗೆದಿದ್ದ. ನನ್ನನ್ನು ಆಂಬುಲೆನ್ಸಿಗೆ ಸಾಗಿಸುವಾಗ ಆಕೆ ಕೈ ತೊಳೆದುಕೊಂಡು, ಒದ್ದೆ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಕೊಠಡಿಗೆ ವಾಪಸು ಹೋದರಂತೆ. ಇನ್ನೂ ಸಮಯವಿತ್ತು. ತನಿಖಾ ದಳದವರು ಬಾಗಿಲಲ್ಲೇ ತಡೆದರು. ಪರೀಕ್ಷೆಯ ನಡುವೆ ಹೊರಹೋದದ್ದು, ಮೇಲ್ವಿಚಾರಕಿಯೊಡನೆ ಸಂಭಾಷಿಸಿದ್ದು, ಮೇಲ್ವಿಚಾರಕಿಯ "ದೇಹ ಸ್ಪರ್ಶಿಸಿದ್ದು": ಇಷ್ಟಕ್ಕೆ ಅಕ್ರಮದ ವರದಿ ಬರೆದು ಉತ್ತರ ಪತ್ರಿಕೆ ಕಿತ್ತುಕೊಂಡರು. ಈ ಸಲದ ಪರೀಕ್ಷೆ ರದ್ದು. ಮುಂದಿನ ಸಲವೂ ಕೂರುವಂತಿಲ್ಲ. ಆದೇಶದ ಕೆಳಗೆ ತಮ್ಮ ಸಹಿಯಿದೆ, ಅದು ಸೊಟ್ಟಗಿಲ್ಲ.

ಆಸ್ಪತ್ರೆಯಲ್ಲಿ ನನ್ನ ದೊಡ್ಡ ಮಗಳು ತಮ್ಮನನ್ನು ಬಗ್ಗಿ ನೋಡಿ, "ಅಮ್ಮಾ, ಇವನ್ನ ನಿನಗೆ ಸ್ಕೂಲಲ್ಲಿ ಕೊಟ್ರಾ?" ಎಂದು ಕೇಳುತ್ತಿದ್ದಾಗ ಆಕೆ ಒಳಗೆ ಬಂದರು. ಕೆಲಸ ಮುಗಿಸಿ ನೇರ ಬಂದಿದ್ದರು. ಮೈಯಿಂದ ಸೋಪಿನ ವಾಸನೆ ಬರುತ್ತಿತ್ತು. ನಾನು ಕೈ ಮುಗಿದೆ. "ನಿಮಗೆ ಇಷ್ಟೆಲ್ಲ ಗೊತ್ತಿದ್ದದ್ದು ನನ್ನ ಪುಣ್ಯ ಅಕ್ಕ," ಎಂದೆ.

"ಏನ್ ಗೊತ್ತಿತ್ತು ಮಿಸ್?" ಆಕೆ ನಕ್ಕರು. "ನನಗೆ ಎರಡು ಮಕ್ಕಳೂ ಆಪರೇಷನ್ನಲ್ಲೇ ಆಗಿದ್ದು. ಹೆರಿಗೆ ಹೇಗಾಗುತ್ತೆ ಅಂತ ನಾನೂ ಅವತ್ತೇ ನೋಡಿದ್ದು."

"ಮತ್ತೆ ಯಾಕೆ ಬಂದ್ರಿ?"

"ಯಾರೂ ಏಳ್ಲಿಲ್ವಲ್ಲ."

ಆಮೇಲೆ ಮಗುವಿನ ಬೆರಳು ಬಿಡಿಸುತ್ತಾ, ನನ್ನ ಕಡೆ ನೋಡದೆ ಹೇಳಿದರು: "ಈ ಸಲ ಚೆನ್ನಾಗಿ ಬರೀತಿದ್ದೆ ಮಿಸ್. ತ್ರಿಭುಜದ ಲೆಕ್ಕ ಎಲ್ಲಾ ಬಂದಿತ್ತು. ಪಾಸಾಗಿದ್ರೆ ಲಾಂಡ್ರೀಲಿ ಸೂಪರ್‌ವೈಸರ್ ಮಾಡ್ತೀವಿ ಅಂದಿದ್ರು. ಹೋಗ್ಲಿ ಬಿಡಿ."

ಆಕೆ ಬಿಟ್ಟಿರಬಹುದು. ನಾನು ಬಿಡುವುದಿಲ್ಲ.

ನನ್ನ ವಿಷಯದಲ್ಲಿ ತಮಗೆ ಏನು ತೋಚುತ್ತದೋ ಮಾಡಿ. ಬಡ್ತಿ ತಡೆಯಿರಿ, ಸೋಫಾ ತೊಳೆಸಿದ ಖರ್ಚು ಹಿಡಿದುಕೊಳ್ಳಿ, ಬೇಕಿದ್ದರೆ ಮಗನಿಗೂ ಒಂದು ನೋಟಿಸು ಕಳಿಸಿ, ಅವನಿಗೆ ಕಾಗದ ಬಾಯಿಗಿಟ್ಟುಕೊಳ್ಳುವುದೆಂದರೆ ಇಷ್ಟ. ಆದರೆ ಆ ಅಭ್ಯರ್ಥಿಯ ಮೇಲಿನ ಆದೇಶವನ್ನು ರದ್ದು ಮಾಡಿ. ಆಕೆಗೆ ಬೇರೆ ಪ್ರಶ್ನೆಪತ್ರಿಕೆ ಕೊಟ್ಟು ಮರುಪರೀಕ್ಷೆ ಮಾಡಿ. ದಯೆಯಿಂದ ಅಲ್ಲ, ಎದ್ದು ಬಂದದ್ದು ಅಕ್ರಮವಲ್ಲ ಎಂದು ಲಿಖಿತವಾಗಿ ಒಪ್ಪಿಕೊಂಡು ಮಾಡಿ. ಇಲ್ಲದಿದ್ದರೆ ಆ ದಿನ ಆ ಮಹಡಿಯಲ್ಲಿ ಬರೆದ ಅಷ್ಟೂ ಮಕ್ಕಳು ತಮ್ಮಿಂದ ಕಲಿತದ್ದು ಒಂದೇ ಪಾಠ: ಪಕ್ಕದಲ್ಲಿ ಯಾರು ಬಿದ್ದರೂ ತಲೆ ಎತ್ತಬೇಡ, ಬರೆಯುತ್ತಿರು. ಅದನ್ನು ಕಲಿಸಲು ನಾನು ಶಿಕ್ಷಕಿಯಾಗಿಲ್ಲ. ತಾವು ನಿಯಂತ್ರಕರಾದದ್ದು ಅದಕ್ಕೇ ಇದ್ದರೆ ಅದನ್ನೂ ಲಿಖಿತವಾಗಿ ತಿಳಿಸಿ.

ಆಕೆ ಈಗ ಲಾಂಡ್ರಿಯಿಂದ ಸಂಜೆ ನಮ್ಮ ಮನೆಗೆ ಬರುತ್ತಾರೆ. ನನ್ನ ಗಂಡ ಅಂಗಡಿಯೊಂದರಲ್ಲಿ ಲೆಕ್ಕ ಬರೆಯುವವನು. ಆಕೆಗೆ ಗಣಿತ ಹೇಳಿಕೊಡುತ್ತಾನೆ. ಅಷ್ಟು ಹೊತ್ತು ಮಗ ಆಕೆಯ ತೊಡೆಯ ಮೇಲೆ ಮಲಗಿರುತ್ತಾನೆ. ಬೀಜಗಣಿತ ಮುಗಿದಿದೆ, ವೃತ್ತಗಳು ನಡೆಯುತ್ತಿವೆ. ಇನ್ನು ಸ್ವಲ್ಪ ದಿನಕ್ಕೆ ಆಕೆ ಸಿದ್ಧ. ಕೂರಿಸಲು ಒಂದು ಬೆಂಚನ್ನು ತಾವು ಸಿದ್ಧ ಮಾಡಿ.

ಇಂತಿ,
ಒಂದೇ ತಿಂಗಳಲ್ಲಿ ಒಂದು ಮಗುವನ್ನೂ ಒಂದು ನೋಟಿಸನ್ನೂ ಪಡೆದು, ಎರಡನ್ನೂ ಮಡಿಲಲ್ಲಿಟ್ಟುಕೊಂಡು ಕೂತಿರುವ,
ಮೂಲೆ ಕೊಠಡಿಯ ಮೇಲ್ವಿಚಾರಕಿ