ತಪ್ಪುಹುಡುಕಿ ಬಿಟ್ಟ ತಪ್ಪು

ಮಾರ್ಚ್ ೧೪, ಗುರುವಾರ

ಪ್ರೀತಿಯ ಬಾಯಿಬಡುಕೀ,

ನಿನ್ನ ಕಾಗದ ಬಂದು ಮೂರು ವಾರ ಆಯಿತು. ತಿಂಗಳಿಗೊಂದು ತಪ್ಪದೆ ಬರೆಯುವವಳಿಗೆ ಏನು ಬಂತು ಕೇಡು ಅಂತ ಬೈದಿರುತ್ತೀಯ. ಬೈಸಿಕೊಂಡೆ ಅಂತ ತಿಳಿದುಕೋ. ಕೆಲಸ ತಲೆ ಮೇಲೆ ಕೂತಿದೆ. ನಮ್ಮ ಮುದ್ರಣಾಲಯಕ್ಕೆ ರಷ್ಯಾದ ಹಳೆಯ ಕಾದಂಬರಿಯೊಂದರ ಅನುವಾದ ಬಂದಿದೆ, ಸೆರೆಶಿಬಿರದ ಕಥೆ. ಕರಡು ತಿದ್ದುವವಳು ನಾನೇ. ನಿಮ್ಮನೆಯಲ್ಲೇ ಒಬ್ಬರು ಅನುಭವಸ್ಥರಿದ್ದಾರಲ್ಲ ಅಂದರು ಮ್ಯಾನೇಜರು. ತಮಾಷೆಗೋ ಏನೋ. ನನಗೆ ಕೋಪವೂ ಬರಲಿಲ್ಲ.

ನನ್ನ ಗಂಡನ ವಿಷಯ ಕೇಳಿದ್ದೀಯ. ಸೆರೆಶಿಬಿರದಿಂದ ಬಂದು ಐದು ತಿಂಗಳಾಯಿತು. ಉಣ್ಣುತ್ತಾನೆ, ಮಲಗುತ್ತಾನೆ, ಕೇಳಿದ್ದಕ್ಕೆ ಹೂಂ ಅನ್ನುತ್ತಾನೆ. ಆ ಆರು ವರ್ಷದ ಮಾತು ಎತ್ತುವುದಿಲ್ಲ, ನಾನೂ ಕೆದಕುವುದಿಲ್ಲ. ಒಂದೇ ಮನೆಯ ಇಬ್ಬರು ಬಾಡಿಗೆದಾರರ ಥರ ಇದ್ದೇವೆ. ಅಂಚೆಯಣ್ಣ ಬಂದಾಗ ಮಾತ್ರ ಕುರ್ಚಿ ಬಿಟ್ಟು ಎದ್ದು ನಿಲ್ಲುತ್ತಾನೆ, ಸೈಕಲ್ಲು ಬೀದಿ ತಿರುಗುವ ತನಕ.

ಮೊನ್ನೆ ಕರಡನ್ನು ಅಡುಗೆಮನೆ ಮೇಜಿನ ಮೇಲೆ ಬಿಟ್ಟು ಸ್ನಾನಕ್ಕೆ ಹೋಗಿದ್ದೆ. ಬಂದು ನೋಡಿದರೆ ನನ್ನ ಪೆನ್ಸಿಲ್ ಅವನ ಕೈಯಲ್ಲಿ. ಒಬ್ಬ ಮುದುಕ ಕೈದಿಯ ಬಗ್ಗೆ "ಮನೆಯವರು ಕಾಗದ ಬರೆಯುವುದನ್ನು ಬಿಟ್ಟರು" ಅಂತಿತ್ತು. ಅದನ್ನು ಹೊಡೆದುಹಾಕಿ ಪಕ್ಕದಲ್ಲಿ "ಬರೆದದ್ದು ತಲುಪಲಿಲ್ಲ" ಅಂತ ಗುಂಡಗೆ ಬರೆದಿದ್ದ.

ಆಮೇಲೆ ತಾನಾಗಿಯೇ ಬಾಯಿಬಿಟ್ಟ. ಅಲ್ಲಿ ಭಾನುವಾರ ಹೆಸರು ಕೂಗುತ್ತಿದ್ದರಂತೆ. ಕಾಗದ ಬಂದವರು ಕೂತು ಓದಬಹುದು. ಬಾರದವರು, ಉಳಿದವರು ಓದಿ ಮುಗಿಸುವ ತನಕ ನಿಂತಿರಬೇಕು.

"ನಾನು ನಿಂತೇ ಇರ್ತಿದ್ದೆ. ನಿನ್ನ ಕಾಗದ ಶಿಬಿರದ ಆಫೀಸಲ್ಲೇ ಹರಿದು ಹಾಕ್ತಾರೆ ಅಂತ ಗೊತ್ತಿತ್ತಲ್ಲ, ಅಷ್ಟೇನೂ ಅನ್ನಿಸ್ತಿರ್ಲಿಲ್ಲ" ಅಂದ.

ನಾನು ಟವೆಲ್ ಹಿಡಿದು ನಿಂತಿದ್ದೆ. ಅಳು ಬರಬೇಕಿತ್ತು, ಬರಲಿಲ್ಲ. ಹಾಲು ಉಕ್ಕಿತು, ಹೋಗಿ ಒಲೆ ಆರಿಸಿದೆ.

ಈಗ ಪೇಚಾಟ ಏನಪ್ಪಾ ಅಂದರೆ, ಅನುವಾದಕರ ಹಸ್ತಪ್ರತಿಯಲ್ಲಿ ಇರುವುದು "ಬಿಟ್ಟರು" ಅಂತಲೇ. ಅವನು ಬರೆದದ್ದನ್ನು ಅಳಿಸುವುದು ನನ್ನ ಕೆಲಸ. ಅಳಿಸಿದರೆ, ಪುಸ್ತಕ ಅಚ್ಚಾಗಿ ಬಂದಾಗ ಅವನು ಮೊದಲು ತೆಗೆಯುವುದು ಆ ಪುಟವನ್ನೇ. ಎರಡು ದಿನದಿಂದ ರಬ್ಬರ್ ಹಿಡಿದು ಕೂತಿದ್ದೇನೆ.

ನಿನ್ನ ಮಂಡಿನೋವು ಹೇಗಿದೆ? ಮುಂದಿನ ತಿಂಗಳು ಬರುತ್ತೇನೆ ಅಂದಿದ್ದೀಯ, ಬಾ. ಮೊಮ್ಮಗಳು ನಿನ್ನ ಹಾಗೇ ವಟವಟ ಅನ್ನುತ್ತಾಳಂತಲ್ಲ. ಅವಳ ಬಾಯಿ ಯಾವತ್ತೂ ಕಟ್ಟದಿರಲಿ, ಅದೇ ನನ್ನ ಆಶೀರ್ವಾದ.

ನಿನ್ನ
ತಪ್ಪುಹುಡುಕಿ

ತಾ.ಕ.: ಕರಡು ಈಗಷ್ಟೇ ಕಳಿಸಿದೆ, ಅವನು ತಿದ್ದಿದ್ದನ್ನು ಹಾಗೇ ಬಿಟ್ಟು. ಈ ಕೆಲಸದ ಇಪ್ಪತ್ತು ವರ್ಷದಲ್ಲಿ ಗೊತ್ತಿದ್ದೂ ಬಿಟ್ಟ ತಪ್ಪು ಇದೊಂದೇ. ನಾನು ಅವನಿಗೆ ಬರೆಯಲೇ ಇಲ್ಲ ಕಣೇ. ಮೊದಲ ತಿಂಗಳು ಏನು ಬರೆಯಲಿ ಅಂತ ತೋಚಲಿಲ್ಲ. ಎರಡನೇ ತಿಂಗಳು, ಮೊದಲನೆಯದಕ್ಕೆ ಏನು ನೆಪ ಹೇಳಲಿ ಅಂತ ತೋಚಲಿಲ್ಲ. ಹಾಗೇ ಆರು ವರ್ಷ ಹೋಯಿತು. ಬಂದ ದಿನ ಅವನು ಕೇಳಿದ್ದು ಒಂದೇ, "ಬರೀತಿದ್ದೆ ತಾನೇ?" ಬರೀತಿದ್ದೆ ಅಂದುಬಿಟ್ಟೆ. ನಾನು ನಿನಗೆ ಬರೆದ ಹಳೆಯ ಕಾಗದಗಳನ್ನೆಲ್ಲ ಕಟ್ಟಿಟ್ಟಿದ್ದೀಯ, ಬರುವಾಗ ತಂದು ಅವನಿಗೆ ಓದಿ ನಗಿಸುತ್ತೇನೆ ಅಂದಿದ್ದೀಯಲ್ಲ, ತರಬೇಡ. ಆ ಆರು ವರ್ಷದಲ್ಲಿ ನಿನಗೆ ಎಪ್ಪತ್ತು ಕಾಗದ ಬರೆದಿದ್ದೇನೆ. ಬಿಚ್ಚಿ ನೋಡು, ಒಂದರಲ್ಲೂ ಅವನ ಸುದ್ದಿ ಇಲ್ಲ.