ಎಡಗೈ ಮುರಿದರೆ ಬಲಗೈಗೆ ಪ್ಲಾಸ್ಟರ್, ತಪ್ಪಾದರೆ ಒಂದು ರೀಲ್ಸ್

ವೈದ್ಯರ ನಡತೆ ವಿಚಾರಿಸುವ ಸಮಿತಿಯ ಅಧ್ಯಕ್ಷರಿಗೆ,

ಮಾನ್ಯರೇ,

ನನ್ನ ಗಂಡನ ಎಡಗೈ ಹೆಬ್ಬೆರಳು ಮುರಿದಿತ್ತು. ವೈದ್ಯರು ಬಲಗೈಗೆ ಪ್ಲಾಸ್ಟರ್ ಹಾಕಿದರು. ನಾನು ದೂರು ಕೊಟ್ಟೆ. ತಮ್ಮ ಉತ್ತರ ಬಂತು: "ಸದರಿ ವೈದ್ಯರು ಸಾಮಾಜಿಕ ಜಾಲತಾಣದಲ್ಲಿ ಈಗಾಗಲೇ ವಿಷಾದ ವ್ಯಕ್ತಪಡಿಸಿರುವುದರಿಂದ ಪ್ರಕರಣವನ್ನು ಮುಕ್ತಾಯಗೊಳಿಸಲಾಗಿದೆ." ಯಾರಿಗೆ ವ್ಯಕ್ತಪಡಿಸಿದರು ಸ್ವಾಮಿ? ನಮಗಂತೂ ಅಲ್ಲ. ನಮ್ಮನ್ನು ಅವರು ಬ್ಲಾಕ್ ಮಾಡಿದ್ದಾರೆ.

ನಡೆದದ್ದು ಇಷ್ಟು. ನನ್ನ ಗಂಡ ಅಮರನಾಥ್ ಶಿವಾರಪಟ್ಟಣದಲ್ಲಿ ಕಲ್ಲಿನ ವಿಗ್ರಹ ಕೆತ್ತುವವರು. ಎಡಗೈಯಲ್ಲಿ ಉಳಿ, ಬಲಗೈಯಲ್ಲಿ ಸುತ್ತಿಗೆ. ಒಂದು ದಿನ ಸುತ್ತಿಗೆ ಜಾರಿ ಹೆಬ್ಬೆರಳ ಮೇಲೆ ಬಿತ್ತು. ಮಾಲೂರಿನ ಆ ವೈದ್ಯರ ಹತ್ತಿರ ಓಡಿದೆವು. ಅವರು ಮೊದಲು ಮೊಬೈಲ್ ಸ್ಟ್ಯಾಂಡ್ ನಿಲ್ಲಿಸಿದರು, ಆಮೇಲೆ ತಲೆ ಬಾಚಿಕೊಂಡರು. ಚಿಕಿತ್ಸೆ ಮುಗಿಯುವವರೆಗೂ ಅವರು ನೋಡಿದ್ದು ಮೊಬೈಲ್ ಪರದೆಯನ್ನೇ. ಸೆಲ್ಫಿ ಕ್ಯಾಮೆರಾದಲ್ಲಿ ಎಡ ಬಲ ಅದಲುಬದಲಾಗಿ ಕಾಣುತ್ತದೆಂದು ನನ್ನ ಮಗಳು ಚಂದನಳಿಗೂ ಗೊತ್ತು, ಅವಳಿನ್ನೂ ಆರನೇ ಕ್ಲಾಸು. ಅಮರನಾಥ್ ಮೆಲ್ಲಗೆ "ಸಾರ್, ಆ ಕೈ" ಅಂದರು. "ಮಾತಾಡ್ಬೇಡಿ, ಆಡಿಯೊ ಹಾಳಾಗ್ತದೆ. ಸ್ವಲ್ಪ ನಗ್ರಿ" ಅಂದರು ವೈದ್ಯರು. ಮುರಿದ ಬೆರಳಿಟ್ಟುಕೊಂಡು ನನ್ನ ಗಂಡ ನಕ್ಕರು.

ನಮ್ಮ ತಪ್ಪೂ ಇದೆ, ಮುಚ್ಚಿಡುವುದಿಲ್ಲ. ದಾರಿಯಲ್ಲಿ ನಾನು ರೇಗಿದಾಗ ಇವರು, "ಸುಮ್ನಿರೇ, ಅವ್ರು ಓದಿರೋರು. ನರ ಎಲ್ಲಾ ಒಂದಕ್ಕೊಂದು ಸೇರ್ಕೊಂಡಿರ್ತವೆ. ಈ ಕಡೆ ಕಟ್ಟಿದ್ರೆ ಆ ಕಡೆ ವಾಸಿಯಾಗ್ತದೇನೋ" ಅಂದರು. ನಾನೂ ನಂಬಿದೆ. ಅಂಗಡಿಯವನು ಒಂದು ಟೊಮೆಟೊ ಕೊಳೆತದ್ದು ಹಾಕಿದರೆ ಬೀದಿ ಒಂದು ಮಾಡುವವಳು ನಾನು, ಬಿಳಿ ಕೋಟಿನ ಮುಂದೆ ಬಾಯಿ ಬಿಡಲಿಲ್ಲ. ಹತ್ತು ದಿನ ಕಳೆಯಿತು. ಕೋಲಾರದ ಇನ್ನೊಬ್ಬ ವೈದ್ಯರು ನೋಡುವಷ್ಟರಲ್ಲಿ ಮೂಳೆ ಸೊಟ್ಟಗೆ ಕೂಡಿಕೊಂಡಿತ್ತು.

ಜಗಳಕ್ಕೆ ಹೋದೆ. ವೈದ್ಯರು ಸಿಗಲಿಲ್ಲ. ಸಂಜೆ ಅವರ ರೀಲ್ಸ್ ಬಂತು: ಹಿಂದೆ ಪಿಟೀಲು, ಮುಂದೆ ಕಣ್ಣೀರು. "ಸೋಲು ನನ್ನನ್ನು ಗಟ್ಟಿ ಮಾಡಿದೆ" ಎಂದರು. ಯಾವ ಸೋಲು, ಯಾರ ಕೈ, ಒಂದಕ್ಷರವಿಲ್ಲ. ನಲವತ್ತು ಸಾವಿರ ಹೃದಯಗಳು ಬಿದ್ದವು, ಅದರಲ್ಲೊಂದು ನನ್ನ ನಾದಿನಿ ಅನಿತಳದು. ಬಲಗೈ ಪ್ಲಾಸ್ಟರ್ ಇನ್ನೂ ಬಿಚ್ಚಿಸಿರದ ಗಂಡನಿಗೆ ನಾನು ಮುದ್ದೆ ಮುರಿದು ಬಾಯಿಗಿಡುತ್ತಿದ್ದಾಗ ಪಕ್ಕದ ಮನೆ ಮುನಿಯಲ್ಲಮ್ಮ ಫೋನ್ ಹಿಡಿದು ಬಂದಳು. "ಪಾಪಂ ಕಣೇ ಸುನಂದ, ಡಾಕ್ಟ್ರು ಎಂಗೆ ಅಳ್ತಾವ್ರೆ ನೋಡು. ಊಟ ಮಾಡವ್ರೋ ಇಲ್ವೋ!" ನಾನು "ಯಾವ ತಪ್ಪು ಸಾರ್, ಅದನ್ನ ಹೇಳಿ" ಎಂದು ಕಾಮೆಂಟ್ ಹಾಕಿದೆ. ಬ್ಲಾಕ್ ಆಗಿದ್ದು ಆಗಲೇ. ಪ್ಲಾಸ್ಟರ್ ಹಾಕಿದ ಹಳೆಯ ವಿಡಿಯೊ ಮಾತ್ರ "ಶಿಲ್ಪಿಯ ಕೈ ಉಳಿಸಿದ ಕ್ಷಣ" ಎಂಬ ಹೆಸರಲ್ಲಿ ಇವತ್ತಿಗೂ ಓಡುತ್ತಿದೆ. ಅದನ್ನು ನೋಡಿ ಮುಳಬಾಗಿಲಿನಿಂದಲೂ ರೋಗಿಗಳು ಬರುತ್ತಿದ್ದಾರಂತೆ.

ನಾನು ನರಸಾಪುರದ ಒಂದು ಕಂಪನಿಯಲ್ಲಿ ಕಾರಿನ ಕನ್ನಡಿ ಜೋಡಿಸುವವಳು. ಎಡಗಡೆಯ ಕನ್ನಡಿ ಬಲಗಡೆಗೆ ಹೋದರೆ ನಮಗೆ ಅಳಲು ಪುರುಸೊತ್ತು ಕೊಡುವುದಿಲ್ಲ. ಕೆಂಪು ಚೀಟಿ ಕೊಡುತ್ತಾರೆ. ಏನು ತಪ್ಪಾಯಿತು, ಯಾರು ಮಾಡಿದ್ದು, ಮತ್ತೆ ಆಗದಂತೆ ಏನು ಮಾಡುತ್ತೀರಿ ಎಂದು ಬರೆದು, ಸಹಿ ಹಾಕಿ, ಎಲ್ಲರಿಗೂ ಕಾಣುವ ಬೋರ್ಡಿಗೆ ಅಂಟಿಸಬೇಕು. ನಾನೂ ಎರಡು ಸಲ ಅಂಟಿಸಿದ್ದೇನೆ, ನಾಚಿಕೆಯಾಯಿತು. ಕನ್ನಡಿಗೆ ಇರುವ ಮರ್ಯಾದೆ ಮನುಷ್ಯನ ಕೈಗೆ ಬೇಡವೇ? ಒಂದು ಖಾಲಿ ಕೆಂಪು ಚೀಟಿಯನ್ನು ಇದರೊಂದಿಗೆ ಲಗತ್ತಿಸಿದ್ದೇನೆ. ವೈದ್ಯರು ಅದನ್ನು ತುಂಬಿ, ರೀಲ್ಸ್ ಹಾಕಿದ ಪುಟದಲ್ಲೇ, ಪಿಟೀಲಿಲ್ಲದೆ ಓದಬೇಕು. ಹಳೆಯ ವಿಡಿಯೊ ತೆಗೆಸಬೇಕು. ಅಲ್ಲಿಯವರೆಗೆ ಪ್ರಕರಣ ಮುಗಿದಿಲ್ಲ.

ನಿನ್ನೆ ಅಮರನಾಥ್ ಶೆಡ್ಡಿನಲ್ಲಿ ಉಳಿ ಹಿಡಿದು ನೋಡಿದರು. ಹೆಬ್ಬೆರಳು ಬಗ್ಗಲಿಲ್ಲ, ಉಳಿ ಕೆಳಗೆ ಬಿತ್ತು. ನಾನು ಬಾಗಿಲಲ್ಲಿದ್ದದ್ದು ನೋಡಿ, "ಎಣ್ಣೆ ಕೈ ಕಣೇ, ಅದ್ಕೇ ಜಾರ್ತು" ಅಂದರು. ಕೈಯಲ್ಲಿ ಎಣ್ಣೆ ಇರಲಿಲ್ಲ. ನನಗೆ ಅಳು ಬಂತು ಮಾನ್ಯರೇ, ಆದರೆ ಮೊಬೈಲ್ ಮನೆಯೊಳಗಿತ್ತು. ವೈದ್ಯರು ಒಂದು ಸಲ ಬಂದು ಆ ಹೆಬ್ಬೆರಳನ್ನು ಬರಿಗಣ್ಣಿನಿಂದ ನೋಡಲಿ. ಯಾವ ಕೈ ಎಂದು ನಾನೇ ಹಿಡಿದು ತೋರಿಸುತ್ತೇನೆ.

ಇಂತಿ,
ತಮ್ಮ ಕಡತದಲ್ಲಿ ಮುಕ್ತಾಯಗೊಂಡಿರುವ
ಸುನಂದ, ಶಿವಾರಪಟ್ಟಣ